ಅರ್ಧ ಕೋಯ್ತಾದ ಸುಗ್ಗಿ

ಹೋದ ತಿಂಗಳು ಪರೀಕ್ಷೆಯ ಕೆಲಸದ ಮೇಲೆ ಕಾಗವಾಡಕ್ಕೆ ಹೊರಟಿದ್ದೆ. ಬಸ್ಸು ರಾಯಬಾಗ ದಾಟಿ, ಕುಡಚಿ ದಾಟಿ, ಕೃಷ್ಣೆಯ ಸೇತುವೆ ಹತ್ತಿದ್ದೇ ತಡ, ಸಕ್ಕರೆ ಕಾರ್ಖಾನೆಯ ವಾಸನೆ ಒಳಗೆ ನುಗ್ಗಿತು. ಅರ್ಧ ಬೆಲ್ಲ ಕಾಯಿಸಿದ ಹಾಗೆ, ಅರ್ಧ ಏನೋ ಹುಳಿತ ಹಾಗೆ. ಮುಂದಿನ ಸೀಟಿನ ಹುಡುಗಿ ಮೂಗಿಗೆ ವೇಲು ಒತ್ತಿಕೊಂಡು ಕಿಟಕಿ ಎಳೆದಳು. ನಾನು ನನ್ನ ಕಿಟಕಿಯನ್ನು ಪೂರ್ತಿ ತೆರೆದೆ. ಆಕೆ ತಿರುಗಿ ನೋಡಿದ ನೋಟದಲ್ಲಿ, ಈ ಹೆಂಗಸಿಗೆ ಏನೋ ಆಗಿದೆ ಎಂಬುದು ಸ್ಪಷ್ಟವಾಗಿತ್ತು. ಆಗಿರುವುದು ನಿಜ. ಈ ವಾಸನೆ ಮೂಗಿಗೆ ಬಡಿದರೆ ನನಗೆ ಒಂದು ಇಡೀ ಕಬ್ಬಿನ ಸುಗ್ಗಿ ನೆನಪಾಗುತ್ತದೆ. ಆ ಸುಗ್ಗಿಯಲ್ಲಿ ನಾನು ಪಟ್ಟ ಸಂಕಟವೂ ನೆನಪಾಗುತ್ತದೆ, ಒಂದು ಭಾನುವಾರ ಸಂಜೆ ಎದೆಯ ಮೇಲಿನ ಕಲ್ಲು ಇಳಿದದ್ದೂ ನೆನಪಾಗುತ್ತದೆ.

ಆ ವರ್ಷ ನನಗೆ ಕಾಗವಾಡದ ಕಾಲೇಜೊಂದಕ್ಕೆ ಇತಿಹಾಸದ ಉಪನ್ಯಾಸಕಿಯಾಗಿ ವರ್ಗವಾಗಿತ್ತು. ನಾನು ದಾವಣಗೆರೆಯವಳು. ಬಂದಿಳಿದದ್ದು ಆಷಾಢದಲ್ಲಿ, ಮಳೆ ಹಿಡಿದ ದಿನ. ಊರಿಗೆ ಊರೇ ಹೊಳೆಯ ಮಾತಾಡುತ್ತಿತ್ತು: ನೀರು ಎಲ್ಲಿಗೆ ಬಂತು, ಯಾರ ತೋಟ ಮುಟ್ಟಿತು, ಯಾವ ರಸ್ತೆ ಬಂದ್ ಆಯಿತು. ಕಾಗವಾಡದಲ್ಲಿ ಮನೆ ಸಿಗದೆ, ಹತ್ತಿರದ ಶೇಡಬಾಳದಲ್ಲಿ ಭರಮಣ್ಣ ಎಂಬ ಜೈನ ರೈತರ ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಊಟವೂ ಅವರಲ್ಲೇ. ಅಲ್ಲಿ ಶುರುವಾಯಿತು ನನ್ನ ಕಷ್ಟ. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಉರಿಯುವುದಿಲ್ಲ. ನಾನು ಹುಟ್ಟಿದಾಗಿನಿಂದ ರಾತ್ರಿ ಒಂಬತ್ತಕ್ಕೆ ಮುಂಚೆ ಉಂಡವಳಲ್ಲ. ಭರಮಣ್ಣನವರ ಹೆಂಡತಿ ಪದ್ಮಕ್ಕ ದಿನಾ ಮೆಟ್ಟಿಲ ಬುಡದಲ್ಲಿ ನಿಂತು ಕೂಗುವರು: "ಮ್ಯಾಡಮ್, ಹೊತ್ತ ಮುಳಗಾಕತ್ತೈತಿ, ಕೈ ತೊಳ್ಕೊಂಡ ಬರ್ರಿ." ನಾನು ಇನ್ನೂ ಮಧ್ಯಾಹ್ನದ ಚಹಾದ ಗುಂಗಿನಲ್ಲಿರುವಾಗಲೇ ರೊಟ್ಟಿ ತಟ್ಟೆಗೆ ಬಿದ್ದಿರುತ್ತಿತ್ತು. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ ಇಲ್ಲ. ಆದರೂ ಅವರ ಕೈಯ ಹೆಸರುಕಾಳಿನ ಪಲ್ಯಕ್ಕೆ ನಾನು ಒಂದು ತಿಂಗಳಲ್ಲೇ ಶರಣಾದೆ ಎನ್ನುವುದು ಬೇರೆ ಮಾತು. ರಾತ್ರಿ ಹತ್ತಕ್ಕೆ ಹಸಿವಾದಾಗ ಚೀಲದ ಚುರುಮುರಿ ಇದ್ದೇ ಇತ್ತು.

ಅವರ ಮಗ ಅಜಿತ ನನ್ನ ಬಿ.ಎ. ಅಂತಿಮ ವರ್ಷದ ಕ್ಲಾಸಿನಲ್ಲೇ ಇದ್ದ. ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವಾಗ ಇರುವ ಚುರುಕು ಅವನಿಗೆ ಬೆಂಚಿನ ಮೇಲೆ ಕೂತರೆ ಇರುತ್ತಿರಲಿಲ್ಲ. ಅದೇ ಕ್ಲಾಸಿನ ಎರಡನೇ ಬೆಂಚಿನಲ್ಲಿ ಸುಜಾತಾ ಕೂಡುತ್ತಿದ್ದಳು. ಅಥಣಿ ತಾಲೂಕಿನ ಪೂರ್ವಕ್ಕೆ, ಹೊಳೆಯ ನೀರು ಹತ್ತದ ಒಣಭೂಮಿಯ ಒಂದು ಹಳ್ಳಿಯವಳು. ಕಾಗವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತೆಳ್ಳಗೆ, ಕಪ್ಪಗೆ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಒಂದೇ ಜಡೆ. ಪಾಠ ಕೇಳುವಾಗ ಹುಬ್ಬು ಗಂಟು ಹಾಕಿಕೊಳ್ಳುವಳು, ನಾನು ಹೇಳಿದ್ದರಲ್ಲಿ ಎಲ್ಲೋ ಮೋಸವಿದೆ ಎನ್ನುವ ಹಾಗೆ. ಮೇಷ್ಟ್ರುಗಳಿಗೆ ಇಂಥ ಮಕ್ಕಳ ಮೇಲೆ ಒಳಗೊಳಗೇ ಪ್ರೀತಿ, ಹೊರಗೆ ಸ್ವಲ್ಪ ಭಯ.

ಆ ಸೆಮಿಸ್ಟರಿನಲ್ಲಿ ನನ್ನ ಪಾಲಿಗೆ ಬಂದದ್ದು ಅಮೆರಿಕದ ಇತಿಹಾಸ. ದಾವಣಗೆರೆಯವಳು ಕಾಗವಾಡದಲ್ಲಿ ನಿಂತು ಫಿಲಡೆಲ್ಫಿಯಾದ ಕಥೆ ಹೇಳಬೇಕು. ದೀಪಾವಳಿ ಕಳೆದು, ಕಾರ್ಖಾನೆಯ ಚಿಮಣಿ ಹೊಗೆ ಬಿಡಲು ಶುರುಮಾಡಿದ ವಾರದಲ್ಲಿ ನಾನು ಆ ದೇಶದ ಸಂವಿಧಾನ ಸಭೆಗೆ ಬಂದಿದ್ದೆ. ಇದೊಂದು ಭಾಗ ಯಾವ ವರ್ಷವೂ ಮಕ್ಕಳ ತಲೆಗೆ ನೇರವಾಗಿ ಇಳಿಯುವುದಿಲ್ಲ. ದಕ್ಷಿಣದ ರಾಜ್ಯಗಳವರು ಗುಲಾಮರನ್ನು ದನಗಳಂತೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಆದರೆ ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಎಂದು ಜನಸಂಖ್ಯೆಯ ಮೇಲೆ ಲೆಕ್ಕ ಹಾಕುವಾಗ ಮಾತ್ರ, ಅವರನ್ನೂ ಒಬ್ಬೊಬ್ಬರಾಗಿ ಪೂರ್ತಿ ಎಣಿಸಿ ಎಂದು ಹಟ ಹಿಡಿದರು. ಎಣಿಕೆ ಹೆಚ್ಚಾದಷ್ಟೂ ಒಡೆಯರ ಕೈ ಬಲವಾಗುತ್ತಿತ್ತು. ಉತ್ತರದವರು ಒಪ್ಪಲಿಲ್ಲ. ಎಳೆದಾಡಿ ಎಳೆದಾಡಿ, ಐದು ಮಂದಿ ಗುಲಾಮರಿದ್ದರೆ ಮೂವರೆಂದು ಹಿಡಿಯುವುದು ಎಂದು ಒಪ್ಪಂದವಾಯಿತು. ದೇಶ ಒಡೆಯದೆ ಉಳಿಯಿತು. ಸಭೆ ಕೈಕುಲುಕಿ ಎದ್ದಿತು.

ಬಾಯಲ್ಲಿ ಹೇಳಿದರೆ ತಿಳಿಯದೆಂದು ಕ್ಲಾಸನ್ನೇ ಸಭೆ ಮಾಡಿದೆ. ಕಿಟಕಿ ಕಡೆಯವರು ಉತ್ತರ, ಬಾಗಿಲ ಕಡೆಯವರು ದಕ್ಷಿಣ. ಅಜಿತನನ್ನು ದಕ್ಷಿಣದ ಮುಖಂಡನನ್ನಾಗಿ ಎಬ್ಬಿಸಿದೆ. ಅವತ್ತು ಅವನಿಗೆ ಎಲ್ಲಿಂದ ಬಂತೋ ಹುರುಪು, ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರ ಹಾಗೆ ಚೌಕಾಸಿಗೆ ಇಳಿದ. ಕೊನೆಗೆ ಮೂರಕ್ಕೆ ಬಂದು ನಿಂತಾಗ ಅವನೇ ನಕ್ಕು, "ಮ್ಯಾಡಮ್, ಇದು ನಮ್ಮ ಕಡೆ ಅರ್ಧಾ ಕೋಯ್ತಾ ಅಂತಾರಲ್ರಿ, ಹಂಗ ಆತು" ಎಂದ. ಕ್ಲಾಸೆಲ್ಲ ಗೊಳ್ಳೆಂದಿತು.

ನನಗೆ ಅರ್ಥವಾಗಲಿಲ್ಲ. ಕೋಯ್ತಾ ಎಂದರೆ ಕಬ್ಬು ಕಡಿಯುವ ಮಚ್ಚು ಎಂಬಷ್ಟು ಗೊತ್ತಿತ್ತು. ಅರ್ಧ ಮಚ್ಚಿನಲ್ಲಿ ಏನು ಕಡಿಯುತ್ತಾರೆ ಎಂದು ಕೇಳಿದೆ. ನಗು ಇನ್ನೂ ಜೋರಾಯಿತು. ನಗದೆ ಕೂತಿದ್ದವಳು ಸುಜಾತಾ ಒಬ್ಬಳೇ. ಅವಳೇ ಎದ್ದು ನಿಂತಳು.

"ಅದು ಮಚ್ಚಿನ ಮಾತಲ್ರಿ ಮ್ಯಾಡಮ್. ಕಬ್ಬ ಕಡಿಯೂ ಗ್ಯಾಂಗಿನ್ಯಾಗ ಗಂಡಾ ಹೆಂಡ್ತಿ ಕೂಡಿ ಒಂದು ಕೋಯ್ತಾ ಅಂತ ಹಿಡೀತಾರ. ಗಂಡ ಕಡೀತಾನ, ಹೆಂಡ್ತಿ ಹೊರಿ ಕಟ್ಟಿ ಹೊರತಾಳ. ಇಬ್ಬರು ಮನಷ್ಯಾರು ಸೇರಿ ಒಂದು. ಒಬ್ಬರ ಇದ್ರ ಅರ್ಧಾ." ಮತ್ತೂ ಹೇಳಿದಳು, "ನಮ್ಮವ್ವ ಅರ್ಧಾ ಕೋಯ್ತಾರಿ. ಅಪ್ಪ ತೀರಿಕೊಂಡಾನ."

ನಗು ನಿಂತಿತು. ಅಜಿತ ಕಿವಿಯವರೆಗೆ ಕೆಂಪಾಗಿ ಕೂತುಬಿಟ್ಟ. ಸುಜಾತಾ ಕೂಡಲಿಲ್ಲ.

"ಮ್ಯಾಡಮ್, ಆ ಸಭಾದಾಗ ಗುಲಾಮರ ಪೈಕಿ ಒಬ್ಬರರೆ ಇದ್ರೇನ್ರಿ?"

"ಇರಲಿಲ್ಲ."

"ಮತ್ತ ಅವರಿಗೆ ಯಾರರೆ ಹೋಗಿ ಹೇಳಿದ್ರೇನ್ರಿ? ನೀವು ಇನ್ನಮ್ಯಾಲೆ ಐದಕ್ಕ ಮೂರು ಅಂತ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ಹುಬ್ಬು ಗಂಟಿಕ್ಕಿಕೊಂಡೇ ಕೂತಳು. ಗಂಟೆ ಹೊಡೆಯಿತು.

ಮುಂದಿನ ವಾರದಿಂದ ಅವಳ ಜಾಗ ಖಾಲಿ. ಹಾಸ್ಟೆಲಿನ ಹುಡುಗಿಯರು ಹೇಳಿದರು: ಅವರೂರಿನ ಗ್ಯಾಂಗ್ ಶೇಡಬಾಳಕ್ಕೆ ಬಂದಿದೆ, ಕಾಕಾ ಕರೆದೊಯ್ದಿದ್ದಾನೆ. ಗ್ಯಾಂಗ್ ಇಳಿದದ್ದು ಬೇರೆಲ್ಲೂ ಅಲ್ಲ, ಭರಮಣ್ಣನವರ ಹೊಲದ ಬದುವಿನಲ್ಲೇ. ಕಬ್ಬಿನ ಸೋಗೆ ಹೊದಿಸಿದ ಗುಡಿಸಲುಗಳ ಒಂದು ಸಾಲು ಎರಡೇ ದಿನದಲ್ಲಿ ಎದ್ದಿತ್ತು.

ಆ ಸಂಜೆ ಗ್ಯಾಂಗಿನ ಮುಕಾದಮ ಪರಸಪ್ಪ ಭರಮಣ್ಣನವರ ಪಡಸಾಲೆಗೆ ಬಂದಿದ್ದ. ಕಡಿಯುವವರನ್ನು ಕೂಡಿಸಿಕೊಂಡು ಬರುವುದು, ಕೆಲಸ ಹಂಚುವುದು ಅವನ ಹೊಣೆ. ಸುಜಾತಾಳ ಅಪ್ಪನ ತಮ್ಮನೇ ಅವನು. ನಾನು ಕೆಳಗಿಳಿದು ಹೋಗಿ ನೇರವಾಗಿ ಕೇಳಿದೆ, ಓದುವ ಹುಡುಗಿಯನ್ನು ಯಾಕೆ ಬಿಡಿಸಿದಿರಿ ಎಂದು. ಪರಸಪ್ಪ ಕೆಟ್ಟವನೇನಲ್ಲ. ಟೋಪಿ ತೆಗೆದು ಮಡಿಚಿ ಹಿಡಿದುಕೊಂಡ.

"ನನಗೂ ಹೊಟ್ಟಿ ಉರೀತೈತ್ರಿ ಮ್ಯಾಡಮ್. ಆದರ ಏನ ಮಾಡ್ಲಿ? ಎರಡ ವರ್ಷ ವೈನಿ ಜೋಡಿ, ಅಂದ್ರ ಸುಜೀ ಅವ್ವನ ಜೋಡಿ, ಆಕಿ ಮಗ ಕಡದಾ. ಈ ವರ್ಷ ಅವನ ಲಗ್ನ ಆತು, ಅವನು ಅವನ ಹೆಂಡ್ತಿ ಒಂದು ಕೋಯ್ತಾ ಆದ್ರು. ವೈನಿ ಅರ್ಧಾ ಉಳದ್ಲು. ಕಬ್ಬಿನ ಸಾಲು ಹಂಚೂದು ಕೋಯ್ತಾ ಲೆಕ್ಕದ ಮ್ಯಾಲ್ರಿ. ಒಬ್ಬಾಕೀನ ಕಡದ್ರ ಹೊರೂವರ್ಯಾರು? ಹೊತ್ರ ಕಡಿಯೂವರ್ಯಾರು? ಪೂರಾ ಆಗಲಿಲ್ಲಂದ್ರ ವೈನೀನ ಊರಿಗೆ ಕಳಸಬೇಕಾಗತೈತಿ. ಊರಾಗ ಕೆಲಸ ಇಲ್ಲ. ಆಕಿ ಅಲ್ಲಿ ಕುಂತು ಏನ ತಿನ್ನಬೇಕು?"

ನಾನು ಹಾಜರಿಯ ಮಾತೆತ್ತಿದೆ. ನೂರಕ್ಕೆ ಎಪ್ಪತ್ತೈದು ಇರದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ, ಮೂರು ವರ್ಷದ ಓದು ಹೊಳೆಗೆ ಹೋದಂತೆ. ಹೀಗೇ ಮಾತಿಗೆ ಮಾತು ಬೆಳೆಯಿತು. ಭರಮಣ್ಣ ಪಂಚರ ಕಟ್ಟೆಯಲ್ಲಿ ಕೂತು ನೂರಾರು ಜಗಳ ಬಗೆಹರಿಸಿದ ಮನುಷ್ಯ. ಅವರು ಕೈ ಎತ್ತಿದರು.

"ಇಬ್ಬರದೂ ಖರೇ ಐತಿ. ಸೋಮಾರ, ಮಂಗಳಾರ, ಬುಧವಾರ ಕಬ್ಬು. ಗುರುವಾರ, ಶುಕ್ಕರವಾರ, ಶನಿವಾರ ಕಾಲೇಜು. ಆ ಮೂರು ದಿನ ಆಕಿ ಅಣ್ಣ ಅಷ್ಟಷ್ಟ ಕೈ ಹಚ್ಚಲಿ. ಹಾಜರೀದು ನೀವು ನೋಡ್ಕೋರಿ ಮ್ಯಾಡಮ್. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು."

"ಸುಜಾತಾಳನ್ನ ಒಂದು ಮಾತು ಕೇಳೋಣ" ಎಂದೆ.

"ಕೇಳೂದೇನೈತ್ರಿ? ಆಕೀ ಒಳ್ಳೇದಕ್ಕ ಮಾಡಾಕತ್ತೀವಿ" ಎಂದರು ಭರಮಣ್ಣ. ಪದ್ಮಕ್ಕ ಚಹಾ ತಂದರು. ಪರಸಪ್ಪ ಮುಖ ಅರಳಿಸಿಕೊಂಡು ಟೋಪಿ ಹಾಕಿಕೊಂಡ. ಎಲ್ಲರಿಗೂ ಹಗುರವಾಗಿತ್ತು. ಏನೂ ಇಲ್ಲದಿರುವುದಕ್ಕಿಂತ ಅರ್ಧವಾದರೂ ಸಿಕ್ಕಿತಲ್ಲ ಎಂದು ನಾನೂ ಚಹಾ ಕುಡಿದೆ.

ಗುರುವಾರ ಸುಜಾತಾ ಕ್ಲಾಸಿಗೆ ಬಂದಳು. ಪಾಠ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ನಿಂತು, ಬೈಯುವುದೋ ನಗುವುದೋ ತಿಳಿಯದ ದನಿಯಲ್ಲಿ ಹೇಳಿದಳು: "ನನಗರೆ ಹೇಳಿದ್ರು ಬಿಡ್ರಿ ಮ್ಯಾಡಮ್. ಆ ಗುಲಾಮರಿಗೆ ಅದೂ ಇರಲಿಲ್ಲ."

ಆಮೇಲೆ ಚಳಿ ಇಳಿಯಿತು. ಹೊಳೆಯ ಕಡೆಯಿಂದ ಮುಂಜಾನೆ ಮಂಜು ಬಂದು ಕಬ್ಬಿನ ಮೇಲೆ ಕೂತರೆ ಬಿಸಿಲೇರುವವರೆಗೆ ಏಳುತ್ತಿರಲಿಲ್ಲ. ನಾನು ಬಸ್ಸಿಗೆ ನಿಂತಾಗ ಆ ಮಂಜಿನೊಳಗಿಂದ ಖಚ್ ಖಚ್ ಎಂದು ಕಡಿಯುವ ಸದ್ದಷ್ಟೇ ಕೇಳಿಸುವುದು, ಜನ ಕಾಣುತ್ತಿರಲಿಲ್ಲ. ಸುಜಾತಾ ಹಾಸ್ಟೆಲ್ ಬಿಟ್ಟು ಅವ್ವನ ಗುಡಿಸಲಿನಲ್ಲೇ ಉಳಿದಿದ್ದಳು. ಕಾಲೇಜಿಗೆ ಬಂದ ಮೂರು ದಿನವೂ ನಿದ್ದೆ. ಗಲ್ಲಕ್ಕೆ ಕೈಕೊಟ್ಟು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದಳು. ಕಬ್ಬಿನ ಎಲೆಯ ಅಂಚು ಅಂಗೈ, ಮುಂಗೈ, ಕುತ್ತಿಗೆಯನ್ನೆಲ್ಲ ಗೀರಿತ್ತು. ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಗಂಟಿಕ್ಕುತ್ತಿದ್ದ ಆ ಹುಬ್ಬುಗಳು ಸಡಿಲಾಗಿದ್ದವು, ನಾನು ಹೇಳಿದ್ದನ್ನೆಲ್ಲ ಸುಮ್ಮನೆ ಒಪ್ಪುತ್ತಿದ್ದಳು. ನನಗೆ ಅದೇ ಹೆಚ್ಚು ನೋವು. ಅಮೆರಿಕದ ಪಾಠ ಮುಂದೆ ಹೋಗಿತ್ತು. ಹೊಸ ರಾಜ್ಯಗಳು ಬಂದಾಗ ನಕ್ಷೆಯ ಮೇಲೊಂದು ಗೆರೆ ಎಳೆದು, ಇದರ ಮೇಲೆ ಗುಲಾಮಗಿರಿ ಇಲ್ಲ, ಕೆಳಗೆ ಇರಲಿ ಎಂದು ಮತ್ತೊಂದು ರಾಜಿ. ಆ ಗೆರೆಯನ್ನು ಬೋರ್ಡಿನ ಮೇಲೆ ಎಳೆಯುತ್ತಿದ್ದಾಗ ನನಗೆ ಬುಧವಾರ ಮತ್ತು ಗುರುವಾರದ ನಡುವಿನ ಗೆರೆಯೇ ಕಾಣುತ್ತಿತ್ತು. ಆ ದೇಶದಲ್ಲೂ ಅಂಥ ರಾಜಿಗಳು ಯುದ್ಧವನ್ನು ಮುಂದಕ್ಕೆ ಹಾಕಿದವೇ ಹೊರತು ತಪ್ಪಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಪದ್ಮಕ್ಕ ಊಟಕ್ಕಲ್ಲದೆ ಬೇರೆ ಕಾರಣಕ್ಕೆ ನನ್ನನ್ನು ಕೂಗಿದರು. ಅಂಗಳದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸುಜಾತಾಳ ಮೂಗು, ಸುಜಾತಾಳ ಹುಬ್ಬು. ಅವಳ ಅವ್ವ ಗಂಗವ್ವ. ಒಳಗೆ ಬಾ ಎಂದರೂ ಬರಲಿಲ್ಲ, ಕೂಡು ಎಂದರೂ ಕೂಡಲಿಲ್ಲ. ನಾನೇ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಆಕೆಯೂ ಕೂತಳು.

"ನನ್ನ ಮಗಳಿಗೆ ಅರ್ಧಾ ಆಗೂದು ಬ್ಯಾಡ್ರಿ ಬಾಯಾರ" ಎಂದಳು. "ಅರ್ಧಾ ಆಗಿ ನಾ ಬದಕೇನಿ, ಸಾಕು. ಕಡದ್ರ ಪೂರಾ ಕಡೀಬೇಕು, ಕಲತ್ರ ಪೂರಾ ಕಲೀಬೇಕು. ನಿನ್ನೆ ಆಕೀ ಕೈ ನೋಡಿ ನನಗ ಉಣ್ಣಾಕ ಆಗಲಿಲ್ಲ. ನೀವೆಲ್ಲಾ ಕೂಡಿ ಮಾತಾಡಿದ್ರಿ, ನನಗ್ಯಾರೂ ಕೇಳಲಿಲ್ಲ. ಹೋಗ್ಲಿ. ಈಗ ನಾ ಒಂದು ಹಾದಿ ತಗದೀನಿ."

ಅವಳು ತೆಗೆದಿದ್ದ ಹಾದಿ ಇದು. ಪಕ್ಕದ ಹೊಲದಲ್ಲಿ ಜತ್ತ ಕಡೆಯಿಂದ ಬಂದ ಮರಾಠಿ ಗ್ಯಾಂಗ್ ಇತ್ತು. ಅದರಲ್ಲಿ ಹೌಸಾಬಾಯಿ ಎಂಬುವಳ ಗಂಡ ಸೊಂಟ ಹಿಡಿದು ಊರಿಗೆ ಹೋಗಿದ್ದ. ಅವಳೂ ಅರ್ಧ ಉಳಿದಿದ್ದಳು, ಅವಳನ್ನೂ ನಾಳೆಯೋ ನಾಡಿದ್ದೋ ಕಳಿಸುವವರಿದ್ದರು. ನೀರಿನ ನಳದ ಹತ್ತಿರ ಕೊಡ ತುಂಬುತ್ತ ಇಬ್ಬರೂ ಮಾತಾಡಿಕೊಂಡಿದ್ದರು. ಒಬ್ಬಳ ಕನ್ನಡ, ಒಬ್ಬಳ ಮರಾಠಿ. ಇಲ್ಲಿ ಅದೊಂದು ತೊಡಕೇ ಅಲ್ಲ. ಎರಡು ಅರ್ಧ ಸೇರಿ ಒಂದು ಕೋಯ್ತಾ ಯಾಕಾಗಬಾರದು? ಪರಸಪ್ಪ ಕೇಳಿ ಬಿದ್ದು ಬಿದ್ದು ನಕ್ಕಿದ್ದನಂತೆ. ಇಬ್ಬರು ಹೆಂಗಸರ ಕೋಯ್ತಾ ಯಾರಪ್ಪನ ಕಾಲದಲ್ಲಿ ಕೇಳಿದ್ದೀರಿ ಎಂದಿದ್ದನಂತೆ. ಕೋಯ್ತಾ ಗಂಡಸಿನ ಕೈಯದು. ಸುಗ್ಗಿಯ ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದು ಗಂಡಸಿನ ಕೈಗೇ ಕೊಡುವುದು ವಾಡಿಕೆ. ಗಂಗವ್ವ ಬಿಟ್ಟಿರಲಿಲ್ಲ. ಕೊನೆಗೆ ಅವನು ಒಂದು ಮಾತಿಗೆ ಒಪ್ಪಿದ್ದ: ಭಾನುವಾರ ಉಳಿದ ಜೋಡಿಗಳ ಹಾಗೆಯೇ ಇವರಿಗೂ ಸಾಲು ಹಾಕಿಕೊಡುವುದು. ಟ್ರ್ಯಾಕ್ಟರ್ ಹೊರಡುವುದರೊಳಗೆ ಕಡಿದು, ಕಟ್ಟಿ, ಹೊತ್ತು, ಏರಿಸಿದರೆ ಒಂದು ಕೋಯ್ತಾ. ಆಗದಿದ್ದರೆ ಸೋಮವಾರದಿಂದ ಸುಜಾತಾ ಪೂರ್ತಿ ಕಬ್ಬಿಗೆ.

"ನಾ ಏನು ಮಾಡಲಿ? ಭರಮಣ್ಣನವರಿಗೆ ಹೇಳಲೇ?" ಎಂದೆ.

"ಯಾರಿಗೂ ಏನೂ ಹೇಳಬ್ಯಾಡ್ರಿ. ಭಾನಾರ ಬಂದು ಸುಜೀನ ಹಿಡಕೊಂಡ ಕುಂದರ್ರಿ. ನನ್ನ ಕೈ ಸೋತದ್ದ ಕಂಡ್ರ ಆಕಿ ಸುಮ್ಮ ಕುಂದ್ರಾಂಗಿಲ್ಲ, ಓಡಿ ಬಂದು ಕೈ ಹಚ್ಚತಾಳ. ಮೂರನೇ ಕೈ ಹತ್ತಿದ್ರ ನಮ್ಮದು ಲೆಕ್ಕಕ್ಕ ಬರಾಂಗಿಲ್ಲ. ಅಷ್ಟ ಮಾಡ್ರಿ."

ನನ್ನ ನೌಕರಿಯಲ್ಲಿ ಯಾರೂ ನನಗೆ ಇಷ್ಟು ಸ್ಪಷ್ಟವಾದ ಕೆಲಸ ಕೊಟ್ಟಿರಲಿಲ್ಲ.

ಭಾನುವಾರ ಮಂಜು ಹರಿಯುವ ಮೊದಲೇ ಹೋದೆ. ಬದುವಿನ ಮೇಲೆ ಗೋಣಿ ಚೀಲ ಹಾಸಿ ಸುಜಾತಾ ಪುಸ್ತಕ ಹಿಡಿದು ಕೂತಿದ್ದಳು, ಒಂದು ಸಾಲೂ ಓದುತ್ತಿರಲಿಲ್ಲ. ಎದುರಿಗಿದ್ದದ್ದು ಕಡಿಯಲು ತೊಡಕಿನ ಬೆಳೆ. ಮಳೆಗಾಲದ ಗಾಳಿಗೆ ಬಿದ್ದು, ಒಂದರ ಮೇಲೊಂದು ಹೆಣೆದುಕೊಂಡು ಬೆಳೆದ ಕಬ್ಬು. ಪರಸಪ್ಪ ಕೋಯ್ತಾ ಹಿಡಿದುಕೊಂಡು ಇಬ್ಬರ ಮುಂದೆ ನಿಂತ. ಯಾರ ಕೈಗೆ ಕೊಡಬೇಕೆಂದು ತಿಳಿಯಲಿಲ್ಲ.

"ನಿಮ್ಮಿಬ್ಬರಾಗ ಗಂಡ ಯಾರು?"

ಉಳಿದ ಜೋಡಿಗಳೆಲ್ಲ ನಕ್ಕವು. ಹೌಸಾಬಾಯಿ ಆಳೆತ್ತರದ ಹೆಂಗಸು, ಅಗಲ ಹೆಗಲು, ದೊಡ್ಡ ದನಿ. "ಮೀ!" ಎಂದು ಮುಂದೆ ಬಂದು, ನಾನೇ ಎಂದು ಎದೆ ಬಡಿದುಕೊಂಡು ಕೋಯ್ತಾ ಕಸಿದುಕೊಂಡಳು. ಎಲ್ಲರಿಗೂ ಅದು ಸರಿ ಅನ್ನಿಸಿತು. ನನಗೂ ಅನ್ನಿಸಿತು. ಗಟ್ಟಿಮುಟ್ಟಾದವಳು ಗಂಡ, ಸಣಕಲಿ ಹೆಂಡತಿ.

ಅದೇ ತಪ್ಪಾಯಿತು. ಹೌಸಾಬಾಯಿ ಇಷ್ಟು ವರ್ಷ ಹೊತ್ತವಳೇ ಹೊರತು ಕಡಿದವಳಲ್ಲ. ಬೀಸು ಜೋರಾಗಿತ್ತು, ಆದರೆ ಬುಡಕ್ಕೆ ಬೀಳುತ್ತಿರಲಿಲ್ಲ, ಗೇಣುದ್ದ ಮೇಲೆ ಬೀಳುತ್ತಿತ್ತು. ಬಿಸಿಲೇರುವ ಹೊತ್ತಿಗೆ ಭರಮಣ್ಣ ಬಂದು ನೋಡಿದವರೇ ತಲೆ ಚಚ್ಚಿಕೊಂಡರು. "ಏ ಬಾಯಿ, ಸಕ್ರಿ ಎಲ್ಲಾ ಬುಡದಾಗ ಇರತೈತಿ! ಬುಡಾನ ಬಿಟ್ರ ನನಗೇನ ಉಳೀತು, ಸೋಗಿ?" ಬಿಟ್ಟ ಕೂಳೆಯನ್ನೆಲ್ಲ ಬಗ್ಗಿ ಮತ್ತೆ ಕಡಿಯಬೇಕಾಯಿತು. ಇತ್ತ ಗಂಗವ್ವ ಹೊರೆ ಹೊತ್ತು ಟ್ರೇಲರಿನ ಹಲಗೆ ಹತ್ತುವಾಗ ಕಾಲು ನಡುಗುತ್ತಿದ್ದವು. ಉಳಿದವರು ಅರ್ಧ ಸಾಲು ದಾಟಿದ್ದರು. ಇವರು ಇನ್ನೂ ಹೊಲದ ಬಾಯಲ್ಲೇ ಇದ್ದರು.

ಸುಜಾತಾ ಪುಸ್ತಕ ಎಸೆದು ಎದ್ದಳು. ನಾನು ಮುಂಗೈ ಹಿಡಿದೆ.

"ಬಿಡ್ರಿ ಮ್ಯಾಡಮ್."

"ಬಿಡೋದಿಲ್ಲ. ನಿಮ್ಮವ್ವ ಹೇಳಿದ್ದಾರೆ."

"ಅವ್ವ ಬೀಳತಾಳ್ರಿ!"

"ಬಿದ್ದರೆ ಏಳ್ತಾರೆ. ನೀ ಹೋದರೆ ಅವರು ಬಿದ್ದಿದ್ದಕ್ಕೂ ಲೆಕ್ಕವಿಲ್ಲ."

ಅವಳು ಕಿತ್ತುಕೊಂಡು ಓಡಿದ್ದರೆ ನಾನು ತಡೆಯಬಲ್ಲೆನಾಗಿರಲಿಲ್ಲ. ಅವಳು ಕೂತಳು, ಆದರೆ ಅಳು ಬಂತು. ನನಗೂ ಬಂತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿಕೊಂಡು ಕೂತೆವು.

ಮಧ್ಯಾಹ್ನದ ರೊಟ್ಟಿಗೆ ಎಲ್ಲರೂ ಕೂತಾಗ ಇವರಿಬ್ಬರೂ ಕೂಡಲಿಲ್ಲ. ಗಂಗವ್ವ ಹೊರೆ ಇಳಿಸಿ, ತಲೆಯ ಸಿಂಬಿ ಬಿಚ್ಚಿ ಹೌಸಾಬಾಯಿಯ ತಲೆಯ ಮೇಲಿಟ್ಟಳು. ಅವಳ ಕೈಯ ಕೋಯ್ತಾ ತಾನು ತೆಗೆದುಕೊಂಡಳು. "ಗಂಡಾಗಿದ್ದು ಸಾಕು. ನೀ ಹೊರು" ಎಂದಳು. ಅಪ್ಪ ಹಾಸಿಗೆ ಹಿಡಿದಿದ್ದ ಕೊನೆಯ ಸುಗ್ಗಿಯಲ್ಲಿ ಸಾಲು ಮುಗಿಸಿದ್ದೆಲ್ಲ ಅವ್ವನೇ ಎಂದು ಸುಜಾತಾ ಆಗ ಹೇಳಿದಳು. ಗಂಗವ್ವ ಬಗ್ಗಿದರೆ ಬೆನ್ನು ನೆಲಕ್ಕೆ ಸಮ. ಕೋಯ್ತಾ ಮಣ್ಣು ಸವರಿಕೊಂಡು ಹೋಗುತ್ತಿತ್ತು. ಹೌಸಾಬಾಯಿ ಎರಡು ಹೊರೆಯನ್ನು ಒಂದು ಮಾಡಿ ಹೊತ್ತು, "ಹೋತಂಯ್ ಗ, ಹೋತಂಯ್" ಎನ್ನುತ್ತ, ಆಗುತ್ತದೆ ಕಣೇ ಆಗುತ್ತದೆ ಎಂದು ತನಗೂ ಹಲಗೆಗೂ ಹೇಳಿಕೊಳ್ಳುತ್ತ ಏರುತ್ತಿದ್ದಳು.

ಇಷ್ಟೇ ಆಗಿದ್ದರೆ ಸಾಲುತ್ತಿರಲಿಲ್ಲ. ಹೊತ್ತು ವಾಲಿದಾಗ ಗಂಗವ್ವನ ತೋಳು ಸೋತವು. ಆಗ ಅವರು ಮತ್ತೆ ಅದಲುಬದಲಾದರು. ಈ ಸಲ ಹೌಸಾಬಾಯಿ ಬುಡಕ್ಕೆ ಬಗ್ಗಿದಳು. ಅರ್ಧ ದಿನ ನೋಡಿ ಕಲಿತಿದ್ದಳು. ತೋಳಿಗೆ ಜೀವ ಬಂದ ಮೇಲೆ ಇನ್ನೊಮ್ಮೆ ಬದಲು. ಉಳಿದ ಹೆಂಗಸರು ಹೊರೆ ಹೊತ್ತುಕೊಂಡೇ ನಿಂತು ನೋಡತೊಡಗಿದರು. ಅವರ ಗಂಡಂದಿರು ಬೆಳಗ್ಗೆ ಬಗ್ಗಿದವರು ಇನ್ನೂ ಬಗ್ಗಿಯೇ ಇದ್ದರು, ಹೆಂಡಿರು ಬೆಳಗ್ಗೆ ಹೊತ್ತವರು ಇನ್ನೂ ಹೊರುತ್ತಲೇ ಇದ್ದರು. ನಿನ್ನದು ಕೊಡು, ನನ್ನದು ತಗೋ ಎನ್ನುವುದು ಆ ಹೊಲದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಂಡ ಯಾರು ಎಂಬ ಪ್ರಶ್ನೆಯನ್ನೇ ಅವರಿಬ್ಬರೂ ಬದುವಿನಾಚೆ ಬಿಸಾಡಿದ್ದರು.

ಸಂಜೆ ಬಿಸಿಲು ಕೆಂಪಾದಾಗ ಅಜಿತ ಟ್ರ್ಯಾಕ್ಟರ್ ಹತ್ತಿ ಇಂಜಿನ್ ಶುರುಮಾಡಿದ. ಹೊಲದಲ್ಲಿ ಇನ್ನೂ ಒಂದು ಗುಡ್ಡೆ ಕಬ್ಬು ಬಿದ್ದಿತ್ತು. ಸುಜಾತಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬಳೆಯೊಂದು ಒಡೆಯಿತು. ಆಮೇಲೆ ಅವಳೇ ಕೂಗಿದಳು, "ಮ್ಯಾಡಮ್, ಅದು ಅವ್ವಂದಲ್ರಿ! ನಮ್ಮಣ್ಣಂದು!" ಹೌದು. ಹೌಸಾಬಾಯಿ ಕೊನೆಯ ಹೊರೆ ಇಳಿಸಿ ಹಲಗೆಯ ಮೇಲೇ ಕೂತುಬಿಟ್ಟಿದ್ದಳು. ಹಿಂದೆ ಉಳಿದದ್ದು ಹೊಸ ಲಗ್ನದ ಅಣ್ಣ ಮತ್ತು ಅತ್ತಿಗೆ. ನಗುವುದು, ಮಾತಾಡುವುದು, ಮತ್ತೆ ನಗುವುದು. ಅವರ ಸುಗ್ಗಿಯೇ ಬೇರೆಯಾಗಿತ್ತು. ಇಡೀ ಗ್ಯಾಂಗ್ ಅವರಿಬ್ಬರನ್ನು ಹಿಡಿದು ಚುಡಾಯಿಸಿತು. ಭರಮಣ್ಣ, "ತಡಿಯೋ ಅಜ್ಜ್ಯಾ, ಗಂಡಾ ಹೆಂಡ್ತೀದು ಇನ್ನೂ ಆಗಿಲ್ಲ" ಎಂದು ಮಗನಿಗೆ ಹೇಳಿ ಇಂಜಿನ್ ಬಂದ್ ಮಾಡಿಸಿದರು.

ಪರಸಪ್ಪ ತಲೆ ಕೆರೆದುಕೊಂಡ. ಸಾಲಿನುದ್ದಕ್ಕೂ ನಡೆದು ಕೂಳೆ ನೋಡಿ ಬಂದ. "ಆತು ಬಿಡ್ರಿ. ಇವರದೂ ಒಂದು ಕೋಯ್ತಾ."

"ಪೂರಾ?" ಎಂದಳು ಗಂಗವ್ವ.

"ಪೂರಾ ವೈನಿ, ಪೂರಾ. ನನ್ನ ಜೀವಾ ತಿನಬ್ಯಾಡ."

ಸುಜಾತಾ ಎದ್ದು ಓಡಿದಳು. ನಾನು ಬಿಟ್ಟೆ. ನನ್ನ ಕೆಲಸ ಮುಗಿದಿತ್ತು. ಬದುವಿನ ಮೇಲೆ ಒಬ್ಬಳೇ ಕೂತು ಒಂದಷ್ಟು ಹೊತ್ತು ಗಾಳಿ ಎಳೆದುಕೊಂಡೆ. ಬದುಕಿನಲ್ಲಿ ನನಗೆ ಕೆಲವು ಬಡ್ತಿ ಸಿಕ್ಕಿವೆ, ಸನ್ಮಾನ ಸಿಕ್ಕಿವೆ; ಅಂಥ ನಿರಾಳ ಸಿಕ್ಕಿಲ್ಲ.

ಮುಂದೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಹೋದ ಪಾಠಗಳಿಗೆ ಬಿಡುವಿನ ಹೊತ್ತು ಹೆಚ್ಚಿನ ಕ್ಲಾಸು ತೆಗೆದುಕೊಂಡು, ಅವೆಲ್ಲಕ್ಕೂ ಅವಳು ನಿಜವಾಗಿ ಬಂದು ಕೂತು, ಹಾಜರಿ ಹೇಗೋ ಅಂಚಿಗೆ ಬಂದು ಮುಟ್ಟಿತು. ಪರೀಕ್ಷೆ ಬರೆದಳು, ಚೆನ್ನಾಗಿ ಪಾಸಾದಳು. ಈಗ ಚಿಕ್ಕೋಡಿಯಲ್ಲಿ ನೌಕರಿಯಲ್ಲಿದ್ದಾಳೆ. ಗಂಗವ್ವ, ಹೌಸಾಬಾಯಿ ಆಮೇಲೆ ಎಷ್ಟೋ ಸುಗ್ಗಿ ಜೊತೆಯಾಗಿಯೇ ಕಡಿದರು. ಅವರನ್ನು ನೋಡಿ ಇನ್ನೊಂದು ಗ್ಯಾಂಗಿನಲ್ಲಿ ಅಕ್ಕತಂಗಿಯರ ಕೋಯ್ತಾ ಆಯಿತಂತೆ. ಕಬ್ಬು ಕಡಿಯುವುದೇನೂ ಅದರಿಂದ ಹಗುರಾಗಲಿಲ್ಲ. ಅದನ್ನು ಸುಜಾತಾಳೇ ನನಗೆ ನೆನಪಿಸುತ್ತಿರುತ್ತಾಳೆ.

ಆ ಭಾನುವಾರ ಸಂಜೆ ಗಂಗವ್ವ ಮೈ ಮೇಲಿನ ರವದಿ, ಆ ಒಣ ಎಲೆಯ ಚೂರುಗಳನ್ನೂ ಕೊಡವಿಕೊಳ್ಳಲಿಲ್ಲ. ನೇರ ಗುಡಿಸಲಿಗೆ ಹೋಗಿ ಮಗಳ ಬಟ್ಟೆ, ಪುಸ್ತಕ, ಹೊದಿಕೆ ಎಲ್ಲ ಗಂಟು ಕಟ್ಟಿ ತಂದಳು. "ಬಾಯಾರ, ಈಗಿಂದೀಗ ಹಾಸ್ಟೆಲ್ಲಿಗೆ ಮುಟ್ಟಸ್ರಿ. ಇಲ್ಲಿ ಇದ್ರ ನಾಳೆ ಮುಂಜಾನೆದ್ದು ಮತ್ತ ಹೊಲಕ್ಕ ಬರತಾಳ."

"ಒಂದ ರಾತ್ರಿ ಇರತೀನವ್ವಾ" ಎಂದಳು ಸುಜಾತಾ.

"ಒಂದ ತಾಸೂ ಬ್ಯಾಡ."

ಮಿರಜ ಕಡೆ ಹೋಗುವ ಬಸ್ಸು ಬಂತು. ಗಂಗವ್ವ ಮಗಳನ್ನು ಬೆನ್ನಿಗೆ ಕೈಹಚ್ಚಿ ನೂಕಿ ಹತ್ತಿಸಿದಳು. ಬಸ್ಸು ಹೊರಟರೂ ಅವರಿಬ್ಬರೂ ರಸ್ತೆಯಂಚಿನಲ್ಲೇ ನಿಂತಿದ್ದರು. ಹೌಸಾಬಾಯಿ ಕೈ ಬೀಸುತ್ತಿದ್ದಳು. ಗಂಗವ್ವನಿಗೆ ಬಹುಶಃ ಕೈ ಎತ್ತಲು ಆಗುತ್ತಿರಲಿಲ್ಲ.

ಊರು ದಾಟುವ ಮೊದಲೇ ಸುಜಾತಾ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಕಣ್ಣು ಮುಚ್ಚಿಕೊಂಡು ಮಾಡುವ ಖರೇ ನಿದ್ದೆ. ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು, ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿಕೊಂಡಿತ್ತು. ಕಾಗವಾಡದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಂದು, "ಮ್ಯಾಡಮ್, ಇಳೀರಿ. ಎಬ್ಬಸ್ರಿ ಆಕೀನ" ಎಂದ. ನಾನು ಎಬ್ಬಿಸಲು ಕೈ ಎತ್ತಿದೆ, ಆಗಲಿಲ್ಲ. ಅವನು ಬಗ್ಗಿ ಆ ಅಂಗೈಗಳನ್ನು ನೋಡಿದ.

"ಕಬ್ಬಿನ ಕೈಯೇನ್ರಿ?"

"ನಿನ್ನೆ ತನಕ" ಎಂದೆ.

ಅವನು ಸೀಟಿ ಜೇಬಿಗೆ ಇಳಿಬಿಟ್ಟು, ಮುಂದೆ ಹೋಗಿ, ಇಳಿದು ಒಂದು ಕಪ್ ಚಹಾ ಕುಡಿದು ಬಾ ಎಂದು ಡ್ರೈವರನಿಗೆ ಹೇಳಿದ.